ಆರಿಂಚಿನ ಹೊಸಿಲು ದಾಟಿದ ಅವ್ವ ಅರ್ಧ ಇಂಚಿಗೆ ಬಿದ್ದಳು

ನಾನು ಸಿಂಧನೂರಿನಲ್ಲಿ ಗೌಂಡಿ. ಎಷ್ಟೋ ಮನೆಗಳಿಗೆ ಶಹಾಬಾದ್ ಪರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು, ಹಾಸಿದ್ದೇನೆ. ಆದರೆ ಅವ್ವ ಎಡವಿ ಬಿದ್ದಿದ್ದು ನಾನೇ ಹಾಸಿದ ನಮ್ಮ ಅಂಗಳದಲ್ಲಿ. ಮುಂಗೈ ಮೂಳೆ ಸೀಳಿತು. ಆರು ವಾರ ಪಟ್ಟಿ. ಮನೆಯವರೆಲ್ಲ ಕಣ್ಣು ತೋರಿಸೋಣ ಅಂದರು. ಅವ್ವ ಒಪ್ಪಲಿಲ್ಲ. "ನನ್ನ ಕಣ್ಣು ಚೊಲೊ ಅದಾವು. ನಿನ್ನ ಪರ್ಸಿ ಎದ್ದೈತಿ, ಅದನ್ನ ನೋಡು" ಅಂದಳು.

ಅಂಗಳದ ಮೇಲೆ ಮಟ್ಟ ನೋಡುವ ನೇರ ಪಟ್ಟಿ ಇಟ್ಟು ನೋಡಿದೆ. ಒಂದು ಪರ್ಸಿಯ ಅಂಚು ಪಕ್ಕದ್ದಕ್ಕಿಂತ ಅರ್ಧ ಇಂಚು ಮೇಲಿತ್ತು. ಅಷ್ಟೇ. ನಮ್ಮ ತಲಬಾಗಿಲ ಹೊಸಿಲು ಆರು ಇಂಚು ಇದೆ. ಅದನ್ನು ಅವ್ವ ಕತ್ತಲಲ್ಲೂ ದಾಟುತ್ತಾಳೆ, ಅಲ್ಲಿ ಕಾಲು ತಾನಾಗಿಯೇ ಮೇಲೇಳುತ್ತದೆ. ಸಪಾಟು ನೆಲ ಅಂತ ನಂಬಿ ನಡೆಯುವಾಗ ಹೆಬ್ಬೆರಳು ನೆಲದಿಂದ ಒಂದೆರಡು ಸೆಂಟಿಮೀಟರ್ ಮಾತ್ರ ಮೇಲಿರುತ್ತದೆ. ವಯಸ್ಸಾದವರು ಕಾಲು ಎಳೆದು ನಡೆದರೆ ಅದೂ ಇಲ್ಲ. ಅರ್ಧ ಇಂಚು ಸಾಕಾಯ್ತು.

ತಪ್ಪು ಪರ್ಸಿಯದಲ್ಲ, ಕೆಳಗಿನ ಮಣ್ಣಿನದು. ನಮ್ಮದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ನಳದ ಕಡೆ ದಿನಾ ಕೊಡ ತುಂಬಿ ತುಳುಕಿದ ನೀರು ಇಳಿದು ಆ ಬದಿ ಉಬ್ಬಿತ್ತು. ಈ ಬದಿ ಒಣಗಿ ಕೂತಿತ್ತು. ಬೇರೆಯವರ ಮನೆಗೆ ಮರಂ, ಅಂದರೆ ಉಬ್ಬದ ಗರಸು ಮಣ್ಣು, ಹಾಕದೆ ಕೆಲಸ ಹಿಡಿಯುವುದಿಲ್ಲ ನಾನು. ನಮ್ಮನೆ ಅಲ್ವಾ, ಎರೆಮಣ್ಣಿನ ಮೇಲೇ ಉಸುಕು ಹರಡಿ ಮುಗಿಸಿದ್ದೆ!

ಪರ್ಸಿಗಳನ್ನು ಕಿತ್ತೆ. ಒಂದೂವರೆ ಅಡಿ ಎರೆಮಣ್ಣು ತೆಗೆದೆ. ಮರಂ ತರಿಸಿದೆ. ಇಲ್ಲಿ ಅವಸರ ಮಾಡಬಾರದು. ಒಮ್ಮೆಗೇ ಸುರಿದು ಮೇಲೆ ಬಡಿದರೆ ಮೇಲಷ್ಟೇ ಗಟ್ಟಿಯಾಗುತ್ತದೆ, ಒಳಗೆ ಪೊಳ್ಳು ಉಳಿಯುತ್ತದೆ. ಆರು ಇಂಚಿಗೊಮ್ಮೆ ನೀರು ಚಿಮುಕಿಸಿ ದಿಮ್ಮಸು ಬಡಿದೆವು. ಆಮೇಲೆ ತೆಳ್ಳಗೆ ಉಸುಕು, ಅದರ ಮೇಲೆ ಪರ್ಸಿ, ಸಂದಿಗೆ ಸಿಮೆಂಟು. ರಸಮಟ್ಟ ಇಟ್ಟು ಹತ್ತು ಅಡಿಗೆ ಒಂದೂಕಾಲು ಇಂಚು ಇಳಿಜಾರು ಕೊಟ್ಟೆ. ನಳದ ಕೆಳಗೆ ಒಂದು ಸಣ್ಣ ಕಟ್ಟೆ ಕಟ್ಟಿ, ನೀರು ನೇರ ಗಟಾರಕ್ಕೆ ಹೋಗುವ ಹಾಗೆ ಮಾಡಿದೆ. ಅದಿಲ್ಲದಿದ್ದರೆ ಉಳಿದದ್ದೆಲ್ಲ ದಂಡ.

ಬಚ್ಚಲಿನಲ್ಲಿ ಪಾಲಿಶ್ ಪರ್ಸಿ ಇತ್ತು. ಸೋಪಿನ ನೀರು ಬಿದ್ದರೆ ಅದರ ಮೇಲೆ ನಾನೇ ಜಾರುತ್ತೇನೆ. ಬೀಸುಕಲ್ಲಿಗೆ ಹೊಡೆದ ಹಾಗೆ ಉಳಿ ಹೊಡೆದು ಒರಟು ಮಾಡಿದೆ. ನೋಡಲು ಅಂದ ಇಲ್ಲ, ಇರಲಿ. ಮನೆ ಮುಂದಿನ ಕಟ್ಟೆಯ ಮೂರು ಮೆಟ್ಟಿಲಲ್ಲಿ ಒಂದು ಮಾತ್ರ ಉಳಿದವಕ್ಕಿಂತ ಒಂದು ಇಂಚು ಹೆಚ್ಚು ಎತ್ತರವಿತ್ತು, ಅದನ್ನೂ ಸರಿ ಮಾಡಿದೆ.

ಇನ್ನು ಉಳಿದದ್ದು ಅಡುಗೆಮನೆ ಬಾಗಿಲಲ್ಲಿ ಕಾಲೊರೆಸಲು ಹಾಸಿದ ಹಳೇ ಕೌದಿಯ ತುಂಡು. ಕಾಲಿಟ್ಟರೆ ಸರಿಯುತ್ತದೆ. ಎರಡು ಸಲ ಎತ್ತಿ ಅಟ್ಟಕ್ಕೆ ಹಾಕಿದೆ. ಎರಡು ಸಲವೂ ಸಂಜೆಯಷ್ಟರಲ್ಲಿ ಅವ್ವ ಅದನ್ನು ಅಲ್ಲೇ ಹಾಸಿದ್ದಳು.