ಗಿಟಾರ್ ಮಾರುವ ಮುಂಚೆ ಇಷ್ಟು ಮಾಡಿಟ್ಟುಕೊಳ್ಳಿ

ಮಾರಿದ ಗಿಟಾರ್ ನೆನೆದು ಕೊರಗುವವರು ನಮ್ಮ ಗುಂಪಿನಲ್ಲೂ ಇದ್ದಾರೆ, ಅಲ್ವಾ? ದುಡ್ಡಿನ ಅಡಚಣೆ ಬಂದಾಗ ಮಾರಲೇಬೇಕಾಗುತ್ತದೆ. ಆದರೆ ಮುಂದೆ ಅದನ್ನೇ ಹುಡುಕಿ ವಾಪಸ್ ಕೊಳ್ಳಬೇಕು ಅನ್ನಿಸಿದರೆ ಗುರುತು ಬೇಕಲ್ಲ, ಅದಕ್ಕೇ ಕೊಡುವ ಮುಂಚೆ ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ಗಿಬ್ಸನ್ ಕಂಪನಿಯ ಗಿಟಾರ್‌ನಲ್ಲಿ ಅದು ಸಾಮಾನ್ಯವಾಗಿ ಹೆಡ್‌ಸ್ಟಾಕ್ (ತಂತಿ ಬಿಗಿಯುವ ತಿರುಪುಗಳಿರುವ ತುದಿ) ಹಿಂದೆ ಇರುತ್ತದೆ. ಅಕೌಸ್ಟಿಕ್‌ನಲ್ಲಿ (ಕರೆಂಟ್ ಬೇಡದ, ಟೊಳ್ಳು ಮೈಯ ಗಿಟಾರ್) ಹೆಚ್ಚಾಗಿ ಸೌಂಡ್ ಹೋಲ್ ಒಳಗೆ, ಅಂದರೆ ಮೈ ಮೇಲಿನ ತೂತಿನೊಳಗೆ ಇರುತ್ತದೆ, ಮೊಬೈಲ್ ಟಾರ್ಚ್ ಹಾಕಿ ನೋಡಿ.

ನಂಬರ್‌ಗಿಂತಲೂ ಮುಖ್ಯ ಫೋಟೊ. ಮರದ ಎಳೆ, ಗಂಟು, ಗೀರು ಎಲ್ಲಾ ಕಾಣುವ ಹಾಗೆ ಹಗಲು ಬೆಳಕಿನಲ್ಲಿ ಹತ್ತಿರದಿಂದ ತೆಗೆಯಿರಿ. ಕೆನಡಾದ ರಾಕ್ ಸಂಗೀತಗಾರ ರ್‍ಯಾಂಡಿ ಬ್ಯಾಕ್‌ಮನ್ ಅವರ 1957ರ ಗ್ರೆಚ್ ಕಂಪನಿಯ ಗಿಟಾರ್ 1976ರಲ್ಲಿ ಟೊರೊಂಟೊದ ಹೋಟೆಲೊಂದರಿಂದ ಕಳುವಾಗಿತ್ತು. ಅಭಿಮಾನಿಯೊಬ್ಬರು ಹಳೆಯ ಚಿತ್ರಗಳಲ್ಲಿದ್ದ ಮರದ ಸಣ್ಣ ಗುರುತನ್ನು ಇಂಟರ್‌ನೆಟ್ಟಿನ ಫೋಟೊಗಳ ಜೊತೆ ಹೋಲಿಸಿ, ಅದು ಜಪಾನಿನಲ್ಲಿದೆ ಅಂತ ಪತ್ತೆ ಹಚ್ಚಿದರು. 2022ರ ಜುಲೈ 1ರಂದು ಟೋಕಿಯೊದಲ್ಲಿ ಗಿಟಾರ್ ವಾಪಸ್ ಸಿಕ್ಕಿತು. ಅದನ್ನು ಇಟ್ಟುಕೊಂಡಿದ್ದ ಸಂಗೀತಗಾರರಿಗೆ ಬ್ಯಾಕ್‌ಮನ್ ಬದಲಿಗೆ ಅಂಥದ್ದೇ ಇನ್ನೊಂದು ಗ್ರೆಚ್ ಕೊಟ್ಟರು. ಆ ಅಭಿಮಾನಿಯ ತಾಳ್ಮೆಗೆ ಕೈ ಮುಗಿಯಬೇಕು.

ಕೊಂಡವರ ಫೋನ್ ನಂಬರ್ ಉಳಿಸಿಕೊಳ್ಳಿ. “ಮುಂದೆ ಮಾರೋದಾದ್ರೆ ಮೊದಲು ನನಗೆ ಹೇಳಿ” ಅಂತ ಒಂದು ಮೆಸೇಜ್ ಹಾಕಿಡಿ. ಇದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ವಾಪಸ್ ಸಿಗುವ ಹಾಗಿದ್ದರೆ ಖುಷಿಯಲ್ಲಿ ಸುಮ್ನೆ ದುಡ್ಡು ಕೊಟ್ಟುಬಿಡಬೇಡಿ. ನೆಕ್ (ಉದ್ದನೆಯ ಹಿಡಿ) ಬಾಗಿದೆಯಾ, ಅದರ ಮೇಲಿನ ಫ್ರೆಟ್ (ಅಡ್ಡ ಲೋಹದ ಪಟ್ಟಿ) ಸವೆದಿದೆಯಾ ನೋಡಿ. ಅಕೌಸ್ಟಿಕ್ ಆದರೆ ಬ್ರಿಡ್ಜ್‌ನ (ಮೈ ಮೇಲೆ ತಂತಿಗಳು ಸಿಕ್ಕಿಸಿರುವ ಮರದ ಪಟ್ಟಿ) ಹಿಂಬದಿ ಅಂಚಿನಲ್ಲಿ ತೆಳು ಕಾಗದ ತೂರಿಸಿ. ಕಾಗದ ಒಳಗೆ ಹೋದರೆ ಅಲ್ಲಿ ಅಂಟು ಬಿಟ್ಟಿದೆ ಅಂತ ತಿಳಿಯಿರಿ. ರಿಪೇರಿ ಖರ್ಚು ಲೆಕ್ಕ ಹಾಕಿಯೇ ರೇಟು ಮಾತಾಡಿ.