ನಾಲ್ಕನೇ ಶನಿವಾರದ ಫೈಲುಗಳು: ಸಂಘದ ಅಧ್ಯಕ್ಷನಾಗಿ ನನ್ನ ಅನುಭವ

2022ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ಕಂದಾಯ ನಿರೀಕ್ಷಕರು ಮತ್ತು ಕರ ವಸೂಲಿಗಾರರ ಸಂಘಕ್ಕೆ ನಾನು ಅಧ್ಯಕ್ಷನಾದೆ. ಚುನಾವಣೆ ನಡೆಯಲಿಲ್ಲ, ಬೇರೆ ಯಾರೂ ನಿಲ್ಲಲಿಲ್ಲ. ಹಿಂದಿನ ಅಧ್ಯಕ್ಷರು ನಿವೃತ್ತರಾಗಿ ಎರಡು ವರ್ಷ ಆಗಿತ್ತು. ಒಂದು ತಗಡಿನ ಟ್ರಂಕು, ಅರ್ಧ ಬರೆದ ಎರಡು ರಸೀದಿ ಪುಸ್ತಕ, ಒಂದು ರಬ್ಬರ್ ಸೀಲು ನನ್ನ ಕೈಗೆ ಬಂದವು.

ಹಣ ಕಟ್ಟಿದ ಸದಸ್ಯರು ಆಗ 47 ಜನ. ಈಗ 180ರ ಹತ್ತಿರ ಇದ್ದಾರೆ. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆ ಇದೆ. ಯಾಕೆಂದರೆ "ಸಂಘ ಅಂದ್ರೆ ಡೈರಿ, ಕ್ಯಾಲೆಂಡರ್, ನಿವೃತ್ತರಿಗೆ ಒಂದು ಶಾಲು. ಅದಕ್ಕಿಂತ ಜಾಸ್ತಿ ಆಗಲ್ಲ, ಸುಮ್ನೆ ಮೈಮೇಲೆ ಹಾಕ್ಕೋಬೇಡ" ಅಂತ ನನಗೆ ಬುದ್ಧಿ ಹೇಳಿದವರೇ ಜಾಸ್ತಿ. ನಾನು ಹೇಳಿದ್ದು ಒಂದೇ ಮಾತು. ತಿಂಗಳಿಗೊಮ್ಮೆ ಕೂರೋಣ, ಪ್ರತಿಯೊಬ್ಬರೂ ತಮ್ಮ ಬ್ಯಾಗಿನಲ್ಲಿ ಕೊಳೆಯುತ್ತಿರುವ ಒಂದು ಆಸ್ತಿ ತೆರಿಗೆ ಫೈಲು ತನ್ನಿ, ಎಲ್ಲರೂ ಸೇರಿ ಬಿಡಿಸೋಣ. ಮನವಿ ಪತ್ರ ಆಮೇಲೆ. ಯಾರೂ ನಂಬಲಿಲ್ಲ.

ಮೊದಲ ಆರು ತಿಂಗಳು ಫೈಲಿನ ಮಾತೇ ಬರಲಿಲ್ಲ, ಎಲ್ಲಾ ಕಾಗದದಲ್ಲೇ ಹೋಯಿತು. ಟ್ರಂಕು ತೆಗೆದು ನೋಡಿದರೆ, 1960ರ ಸಂಘಗಳ ನೋಂದಣಿ ಕಾಯ್ದೆಯ 13ನೇ ಪ್ರಕರಣದ ಪ್ರಕಾರ ವರ್ಷ ವರ್ಷ ಸಲ್ಲಿಸಬೇಕಾದ ಆಡಳಿತ ಮಂಡಳಿ ಪಟ್ಟಿ, ಲೆಕ್ಕಪತ್ರ ನಾಲ್ಕು ವರ್ಷದಿಂದ ಹೋಗಿಯೇ ಇಲ್ಲ. ನಾವು ಊರಿನವರಿಗೆಲ್ಲ ಬಾಕಿ ನೋಟಿಸ್ ಕೊಡುವವರು, ನಮ್ಮ ಸಂಘದ್ದೇ ನಾಲ್ಕು ವರ್ಷ ಬಾಕಿ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕು ವರ್ಷದ ಲೆಕ್ಕ ಬರೆಸಲು ಆಡಿಟರ್‌ಗೆ ಒಂಬತ್ತು ಸಾವಿರ, ದಂಡ, ಶುಲ್ಕ, ಓಡಾಟ ಸೇರಿ ಇನ್ನೊಂದು ಆರೋ ಏಳೋ ಸಾವಿರ ಆಯಿತು. ಎಲ್ಲಾ ನನ್ನ ಜೇಬಿನಿಂದ. ವಾಪಸ್ ಬರಲು ಹದಿನಾಲ್ಕು ತಿಂಗಳು ಹಿಡಿಯಿತು.

ಬ್ಯಾಂಕಿನಲ್ಲಿ ಹನ್ನೊಂದು ಸಾವಿರ ಚಿಲ್ಲರೆ ಇತ್ತು, ಆದರೆ ಖಾತೆ ನಿಷ್ಕ್ರಿಯ. ಸಹಿ ಹಾಕುವ ಇಬ್ಬರೂ ನಿವೃತ್ತರು. ಒಬ್ಬರು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ, ಇನ್ನೊಬ್ಬರಿಗೆ ಕಣ್ಣಿನ ಆಪರೇಷನ್. ಠರಾವು ತಗೊಂಡು ಹೋದರೆ ಹೊಸ ಆಡಳಿತ ಮಂಡಳಿ ಪಟ್ಟಿ ಕೇಳಿದರು. ಪಟ್ಟಿ ಮಾಡಿಸಲು ಹೋದರೆ ಬಾಕಿ ಲೆಕ್ಕ ಕೇಳಿದರು. ಐದು ತಿಂಗಳು ಹೀಗೇ ಸುತ್ತಿದೆ. ಕೊನೆಗೆ ಒಂದೇ ದಿನದಲ್ಲಿ ಎರಡೂ ಕೆಲಸ ಮುಗಿಯುವ ದಾರಿ ಕಂಡುಕೊಂಡೆ. ಅದು ಪೂರ್ತಿ ಕಾನೂನುಬದ್ಧವೇ, ಆದರೆ ಇಲ್ಲಿ ಬರೆಯುವುದಿಲ್ಲ. ಬೇರೆ ಜಿಲ್ಲೆಯವರು ಕೇಳಿದರೆ ಎದುರಿಗೆ ಕೂತು ಹೇಳುತ್ತೇನೆ.

ನನ್ನ ಮೊದಲ ಸಭೆ ಸೋತಿತು. ದೊಡ್ಡದಾಗಿ ಮಾಡಬೇಕು ಅಂತ ಕಲ್ಯಾಣ ಮಂಟಪದ ಊಟದ ಹಾಲ್ ಹಿಡಿದೆ. 120 ಎಲೆಗೆ ಹೇಳಿದ್ದೆ, ಬಂದವರು 34 ಜನ. ಉಳಿದ ಅನ್ನ ಸಾರನ್ನು ಹಾಸ್ಟೆಲ್‌ಗೆ ಕಳಿಸಿದೆವು. ಎಲೆಗೆ 110 ರೂಪಾಯಿ ಲೆಕ್ಕದಲ್ಲಿ ಹೋದ ದುಡ್ಡು ನೀವೇ ಗುಣಿಸಿಕೊಳ್ಳಿ. ಎರಡನೇ ತಪ್ಪು ಅದಕ್ಕಿಂತ ಕೆಟ್ಟದ್ದು. ಸಂಘದ ಖಾತೆ ಇನ್ನೂ ತೆರೆದಿಲ್ಲ ಅಂತ ಸದಸ್ಯತ್ವದ ಹಣ ನನ್ನ ಸ್ವಂತ ಫೋನ್‌ಪೇ ನಂಬರಿಗೆ ಹಾಕಿಸಿಕೊಂಡೆ. ಒಂದೊಂದು ರೂಪಾಯಿಗೂ ರಸೀದಿ ಕೊಟ್ಟಿದ್ದೆ. ಆದರೂ "ದುಡ್ಡು ಅಧ್ಯಕ್ಷರ ಖಾತೆಗೆ ಹೋಗ್ತಿದೆಯಂತೆ" ಅನ್ನುವ ಮಾತು ಒಂದು ವಾರದಲ್ಲಿ ನಮ್ಮ ಸಂಘದ ಏಳೂ ಊರು ಸುತ್ತಿತು. ಬಂದಿದ್ದ ಹದಿನೆಂಟು ಸಾವಿರ ಚಿಲ್ಲರೆಯನ್ನು ಪ್ರತಿಯೊಬ್ಬರಿಗೂ ವಾಪಸ್ ಹಾಕಿದೆ. ಖಾತೆ ಸರಿಯಾದ ಮೇಲೆ, ಸಂಘದ ಹೆಸರಿನ ಕ್ಯೂಆರ್ ಕೋಡ್ ಬಂದ ಮೇಲೆ, ಮತ್ತೆ ಕೇಳಿದೆ. ವಾಪಸ್ ತಗೊಂಡವರಲ್ಲಿ ಇಬ್ಬರೋ ಮೂವರೋ ಬಿಟ್ಟು ಉಳಿದವರೆಲ್ಲ ಮತ್ತೆ ಕಟ್ಟಿದರು. ಹೊಸದಾಗಿ ಸಂಘ ಹಿಡಿಯುವವರು ಖಾತೆ ಆಗುವವರೆಗೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

ಇನ್ನು ಶನಿವಾರದ ವಿಷಯ. ನಾಲ್ಕನೇ ಶನಿವಾರ ಸರ್ಕಾರಿ ರಜೆ. ನಮ್ಮವರಿಗೆ ರಜೆ ಅನ್ನುವುದು ಏಪ್ರಿಲ್‌ನಲ್ಲೂ ಮಾರ್ಚ್‌ನಲ್ಲೂ ಹೆಸರಿಗೆ ಮಾತ್ರ, ಆದರೂ ಬೇರೆ ದಿನಕ್ಕಿಂತ ವಾಸಿ. ಹಾಲ್ ಬಿಟ್ಟು, ನಿವೃತ್ತ ಸಹೋದ್ಯೋಗಿಯೊಬ್ಬರ ಮನೆ ಮಹಡಿಯಲ್ಲಿ ಚಾಪೆ ಹಾಕಿದೆವು. ಊಟ ಇಲ್ಲ, ಮಂಡಕ್ಕಿ ಮಿರ್ಚಿ, ಟೀ. ಖರ್ಚು ಏಳುನೂರು ದಾಟುತ್ತಿರಲಿಲ್ಲ. ಮೊದಲ ಸಲ ಒಂಬತ್ತು ಜನ ಬಂದರು, ಫೈಲು ತಂದವರು ಇಲ್ಲ. ತಮ್ಮ ಫೈಲು ತೋರಿಸಿದರೆ ತಮ್ಮ ತಪ್ಪು ಗೊತ್ತಾಗುತ್ತದೆ ಅನ್ನುವ ಭಯ. ಎರಡನೇ ಸಲ ನಾನೇ ನನ್ನದೊಂದು ತಪ್ಪು ಲೆಕ್ಕ ಹಾಕಿದ್ದ ಫೈಲು ಮುಂದಿಟ್ಟೆ. ಕಟ್ಟಡದ ವಯಸ್ಸು ತಪ್ಪು ಹಿಡಿದು ಸವಕಳಿ, ಅಂದರೆ ಕಟ್ಟಡ ಹಳೆಯದಾದ್ದಕ್ಕೆ ಕೊಡುವ ಕಡಿತ, ಜಾಸ್ತಿ ಕೊಟ್ಟುಬಿಟ್ಟಿದ್ದೆ. ಕೂತಿದ್ದವರು ಅದನ್ನು ಹತ್ತು ನಿಮಿಷದಲ್ಲಿ ಹಿಡಿದರು.

ಮೂರನೇ ಸಲ ಪಟ್ಟಣ ಪಂಚಾಯಿತಿಯೊಂದರ ಹೆಣ್ಣುಮಗಳು, ನೇಮಕವಾಗಿ ಎರಡು ವರ್ಷವಾಗಿದ್ದ ಕರ ವಸೂಲಿಗಾರರು, ಬಟ್ಟೆ ಚೀಲದಿಂದ ಒಂದು ಫೈಲು ತೆಗೆದರು. ಎಂಟು ತಿಂಗಳಿಂದ ಅದನ್ನು ಹೊತ್ತು ತಿರುಗುತ್ತಿದ್ದರಂತೆ. 30x40 ಅಡಿ ನಿವೇಶನ, ಮೂಲೆ ಮನೆ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ವಾಸ. ಮಾಲೀಕರು ತೆರಿಗೆಯ ಸ್ವಯಂ ಘೋಷಣೆಯಲ್ಲಿ ಪೂರ್ತಿ ವಾಸದ ಮನೆ ಅಂತ ಬರೆದಿದ್ದಾರೆ. ಕೇಳಿದರೆ "ಗಿರಣಿ ನಿಂತು ನಾಲ್ಕು ವರ್ಷ ಆಯ್ತಮ್ಮಾ" ಅನ್ನುತ್ತಾರೆ. ಇವರು ಹೋದಾಗಲೆಲ್ಲ ಶಟರ್ ಹಾಕಿದೆ. ವಾಣಿಜ್ಯ ಅಂತ ಬರೆಯಲು ಧೈರ್ಯ ಇಲ್ಲ, ವಾಸ ಅಂತ ಒಪ್ಪಲು ಮನಸ್ಸಿಲ್ಲ.

ಆರು ಜನ ಆರು ತರ ಮಾತಾಡಿದರು. ಮುಚ್ಚಿದ ಗಿರಣಿಯೂ ಗಿರಣಿಯೇ ಅಂದರು ಒಬ್ಬರು. ಉಪಯೋಗ ನೋಡಬೇಕು, ಶಟರ್ ಅಲ್ಲ ಅಂದರು ಇನ್ನೊಬ್ಬರು. ಅರ್ಧ ಗಂಟೆ ಸುಮ್ಮನೆ ಕೂತಿದ್ದ, ನಮಗೆ ಮಹಡಿ ಕೊಟ್ಟಿದ್ದ ನಿವೃತ್ತ ಹಿರಿಯರು ಟೀ ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು: "ಮೀಟರ್ ಎಷ್ಟಿವೆ? ಕರೆಂಟ್ ಬಿಲ್ ನೋಡಿದ್ಯಾ?" ಫೈಲಿನಲ್ಲೇ ಬಿಲ್ಲಿನ ಜೆರಾಕ್ಸ್ ಇತ್ತು, ಆದರೆ ಮೇಲಿನ ಮನೆಯದ್ದು. ಕೆಳಗಿನ ಮೀಟರ್ ಆರ್.ಆರ್. ನಂಬರ್ ಬೇರೆ. ಸೋಮವಾರ ಆ ಬಿಲ್ ತೆಗೆಸಿದರು. ಎಲ್‌ಟಿ-5, ಅಂದರೆ ಕೈಗಾರಿಕೆ ದರ. ಹಿಂದಿನ ತಿಂಗಳು ನಾನೂರು ಚಿಲ್ಲರೆ ಯೂನಿಟ್ ಉರಿದಿತ್ತು. ಗಿರಣಿ ನಡೆಯುತ್ತಿದ್ದದ್ದು ಬೆಳಗಿನ ಜಾವ ಐದರಿಂದ ಎಂಟು. ಮಾಲೀಕರು ಬಿಲ್ ನೋಡಿದ ಕೂಡಲೇ ಜಗಳ ಮಾಡದೆ ತಿದ್ದಿದ ಘೋಷಣೆ ಕೊಟ್ಟರು, ತೆರಿಗೆಯ ವ್ಯತ್ಯಾಸ ಎರಡು ಕಂತಿನಲ್ಲಿ ಕಟ್ಟಿದರು.

ಮುಂದಿನ ಶನಿವಾರ ಹನ್ನೊಂದು ಫೈಲು ಬಂದವು. ಅಲ್ಲಿಂದ ನಾನು ಹಿಂದೆ ತಿರುಗಿ ನೋಡಲಿಲ್ಲ. ವಂತಿಗೆಯನ್ನು 300ರಿಂದ 600 ಮಾಡಿದಾಗ ಅರ್ಧ ಜನ ಬಿಟ್ಟುಹೋಗುತ್ತಾರೆ ಅಂತ ಖಜಾಂಚಿಗೆ ಭಯ ಇತ್ತು. ಒಬ್ಬರೂ ಹೋಗಲಿಲ್ಲ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಆಸ್ತಿ ತೆರಿಗೆ ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಅಂತ ಆಟೋದಲ್ಲಿ ಕೂಗಿಸುತ್ತೇವೆ, ಅಲ್ವಾ? ಒಂದು ವಾರ್ಡಿನಲ್ಲಿ ಅದರ ಬದಲು ಚೀಟಿ ಹಂಚಿದೆವು. "ಈ ತಿಂಗಳು ಕಟ್ಟಿದರೆ ನಿಮಗೆ 214 ರೂಪಾಯಿ ಉಳಿಯುತ್ತದೆ" ಅಂತ ಮನೆ ಮನೆಗೆ ಬೇರೆ ಬೇರೆ ಅಂಕಿ. ಪಕ್ಕದ ವಾರ್ಡಿನಲ್ಲಿ ಬರೀ ಆಟೋ. ನೆನಪಿದ್ದಷ್ಟು ಹೇಳುವುದಾದರೆ, ಚೀಟಿ ಹೋದ ಕಡೆ ಏಪ್ರಿಲ್ ಕೊನೆಗೆ ನೂರಕ್ಕೆ 45 ಮನೆ ಕಟ್ಟಿದ್ದವು, ಇನ್ನೊಂದು ಕಡೆ 30ರ ಆಸುಪಾಸು. ಚೀಟಿಗೆ ಎರಡು ಸಾವಿರ ಖರ್ಚಾಗಿತ್ತು. ಚೀಟಿಯಲ್ಲಿ ಇನ್ನೊಂದು ಸಾಲು ಇತ್ತು. ಕೆಲಸ ಮಾಡಿದ್ದು ಬಹುಶಃ ಅದೇ, ಸದ್ಯಕ್ಕೆ ಅದು ನಮ್ಮ ಸಂಘದವರಿಗೆ ಮಾತ್ರ.

ಇನ್ನೊಂದು ಪ್ರಯೋಗ ಕೈಕೊಟ್ಟಿತು. ಅಮೆರಿಕದಲ್ಲಿ ಕಂದಾಯ ನಿರ್ಧಾರಕರದ್ದೇ ಒಂದು ಸಂಘ ಇದೆ, ಐಎಎಒ ಅಂತ, 1934ರಿಂದ ನಡೆಯುತ್ತಿದೆ. ಅವರು ತೆರಿಗೆಗೆ ತಾವು ಹಾಕಿದ ಬೆಲೆಗೂ ಮಾರಾಟದ ಬೆಲೆಗೂ ಇರುವ ಅನುಪಾತ ತೆಗೆದು, ಮನೆಯಿಂದ ಮನೆಗೆ ಅದು ಎಷ್ಟು ಏರುಪೇರಾಗುತ್ತದೆ ಅಂತ ಅಳೆಯುತ್ತಾರೆ. ವಾಸದ ಮನೆಗಳಿಗೆ ಅದು ನೂರಕ್ಕೆ 5ರಿಂದ 15ರ ಒಳಗಿರಬೇಕು ಅನ್ನುವುದು ಅವರ ಅಳತೆ. ನಾನೂ ಸುಮಾರು 40 ಕ್ರಯಪತ್ರ ಹಿಡಿದು ಮೂರು ಭಾನುವಾರ ಕೂತೆ. ಅಂಕಿ ಬಹಳ ಚೆನ್ನಾಗಿ ಬಂತು, ಖುಷಿಯಾಯಿತು. ಆಮೇಲೆ ಹೊಳೆಯಿತು, ಜಾಸ್ತಿ ಕ್ರಯಪತ್ರಗಳಲ್ಲಿ ಬರೆಯುವುದೇ ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ. ನಾವು ತೆರಿಗೆ ಹಾಕುವುದೂ ಅದರ ಮೇಲೆಯೇ. ಒಂದೇ ಅಂಕಿಯನ್ನು ಅದೇ ಅಂಕಿಗೆ ಹೋಲಿಸಿದ್ದೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ದರ ಏರಿದ ಮೇಲೆ ಮತ್ತೆ ಶುರು ಮಾಡಿದ್ದೇನೆ. ಈ ಸಲ ನಿಜವಾದ ಬೆಲೆ ತಿಳಿಯುವ ಬೇರೆ ದಾರಿ ಹಿಡಿದಿದ್ದೇನೆ, ಮುಗಿದ ಮೇಲೆ ಬರೆಯುತ್ತೇನೆ.

ಸಂಘ ನಿಜವಾಗಿ ತನ್ನ ಕಾಲ ಮೇಲೆ ನಿಂತಿದ್ದು 2025ರ ಫೆಬ್ರವರಿಯಲ್ಲಿ, ಅನಧಿಕೃತ ಬಡಾವಣೆಗಳ ಆಸ್ತಿಗಳನ್ನೂ ತೆರಿಗೆ ದಾಖಲೆಗೆ ಸೇರಿಸುವ ಬಿ-ಖಾತಾ ಅಭಿಯಾನ ಬಂದಾಗ. ಕೌಂಟರ್ ಮುಂದೆ ಬೆಳಗ್ಗೆ ಏಳಕ್ಕೇ ಸಾಲು. ಒಂದೊಂದು ಊರಿನಲ್ಲಿ ಒಂದೊಂದು ತರದ ಕಾಗದ ಕೇಳುತ್ತಿದ್ದರು. ಜನ ಪಕ್ಕದ ಊರಿನ ಪಟ್ಟಿ ಹಿಡಿದು ಬಂದು ಜಗಳ ಆಡುತ್ತಿದ್ದರು. ಮಧ್ಯಾಹ್ನ ಊಟ ಬಿಟ್ಟು ಕೂತರೂ ಬೈಗುಳ ತಪ್ಪಲಿಲ್ಲ. ನಾವು ಒಂದು ಶನಿವಾರ ರಾತ್ರಿ ಹತ್ತೂವರೆವರೆಗೆ ಕೂತು ಇಡೀ ಜಿಲ್ಲೆಗೆ ಒಂದೇ ಪಟ್ಟಿ ಮಾಡಿದೆವು. ಕ್ರಯಪತ್ರ, ಇಸಿ (ಋಣಭಾರ ಪತ್ರ), ತೆರಿಗೆ ರಸೀದಿ, ಗುರುತಿನ ಚೀಟಿ, ಮಾಲೀಕರ ಫೋಟೋ, ಕಟ್ಟಡದ ಫೋಟೋ, ಕರೆಂಟ್ ಬಿಲ್. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 10-9-2024. ಕ್ರಯಪತ್ರ ಅದಕ್ಕಿಂತ ಮೊದಲು ನೋಂದಣಿ ಆಗಿರಬೇಕಿತ್ತು, ಯಾಕೆಂದರೆ ಆ ದಿನಾಂಕದ ಗೊಂದಲಕ್ಕೇ ಅರ್ಧ ಜಗಳ. ಒಪ್ಪಿಗೆ ಪಡೆದು ಏಳೂ ಕಚೇರಿಯ ಬಾಗಿಲಿಗೆ ಒಂದೇ ಫ್ಲೆಕ್ಸ್ ಹಾಕಿದೆವು. ಖರ್ಚು ನಾಲ್ಕು ಸಾವಿರದ ಒಳಗೆ, ಸಂಘದ ಖಾತೆಯಿಂದ, ಚೆಕ್ ಮೂಲಕ. ಆ ಎರಡು ತಿಂಗಳಲ್ಲೇ ಐವತ್ತರ ಮೇಲೆ ಹೊಸ ಸದಸ್ಯರು ಬಂದರು. ಡೈರಿ ಕ್ಯಾಲೆಂಡರ್ ಅಂದಿದ್ದ ಸಹೋದ್ಯೋಗಿ ಈಗ ನಮ್ಮ ಜಂಟಿ ಕಾರ್ಯದರ್ಶಿ.

ಹಿಟ್ಟಿನ ಗಿರಣಿ ಫೈಲು ತಂದ ಆ ಹೆಣ್ಣುಮಗಳು ಈಗ ಶನಿವಾರದ ರಿಜಿಸ್ಟರ್ ಬರೆಯುತ್ತಾರೆ. ಯಾವ ಫೈಲು, ಯಾರು ತಂದರು, ಹೇಗೆ ಬಿಡಿಸಿದೆವು, ಮೂರು ಕಾಲಂ. 200 ಪುಟದ ಪುಸ್ತಕ ಮುಗಿದು ಎರಡನೆಯದು ಶುರುವಾಗಿದೆ. ಈ ತಿಂಗಳಿಗೆ ಹದಿನಾಲ್ಕು ಫೈಲು ಬರೆಸಿದ್ದಾರೆ. ಅದರಲ್ಲಿ ಮೂರು ಅಣ್ಣತಮ್ಮಂದಿರ ಪಾಲಿನ ಖಾತೆಗಳು. ಅವಕ್ಕೆ ಒಂದು ಸಂಜೆ ಸಾಲುವುದಿಲ್ಲ ಅಂತ ಮಧ್ಯಾಹ್ನ ಎರಡಕ್ಕೇ ಬರಲು ಹೇಳಿದ್ದೇನೆ.