ಐವತ್ತು ದಾಟಿದ ಮೇಲೆ ಗಾಲ್ಫ್ ಬ್ಯಾಗಿನಲ್ಲಿ ಏನು ಉಳಿಸಿಕೊಂಡೆ, ಏನು ಬಿಟ್ಟೆ

ಗಾಲ್ಫನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ವಯಸ್ಸಾದಂತೆ ಮೊದಲು ಕೈಕೊಡುವುದು ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಅಲ್ಲ, ತೆಳು ಲೋಹದ ತಲೆಯ ನಾಲ್ಕನೇ ಐರನ್. ದೂರ ಹತ್ತು ಗಜ ಕಮ್ಮಿಯಾದರೆ ಹೇಗೋ ಸುಧಾರಿಸಬಹುದು. ಚೆಂಡು ಎತ್ತರಕ್ಕೆ ಏಳದೆ ಗ್ರೀನ್ (ತೂತಿರುವ ನುಣುಪು ಹುಲ್ಲಿನ ಜಾಗ) ಮೇಲೆ ಬಿದ್ದು ನಿಲ್ಲದೆ ಆಚೆಗೆ ಓಡಿಹೋದರೆ ಸ್ಕೋರ್ ಕೆಟ್ಟಿತೆಂದೇ ಲೆಕ್ಕ. ಅದಕ್ಕೇ 3 ಮತ್ತು 4ನೇ ಐರನ್ ತೆಗೆದು ಚೆಂಡನ್ನು ಸುಲಭವಾಗಿ ಎತ್ತುವ, 20 ಮತ್ತು 23 ಡಿಗ್ರಿಯ ಹೈಬ್ರಿಡ್ ಹಾಕಿಕೊಂಡೆ (ಡಿಗ್ರಿ ಎಂದರೆ ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿರುವ ಕೋನ). ಡ್ರೈವರ್ 9ರಿಂದ 10.5 ಡಿಗ್ರಿಗೆ ಬಂತು, ಶಾಫ್ಟು (ಕ್ಲಬ್ಬಿನ ಕೋಲು) ಗಡುಸಾದ ಸ್ಟಿಫ್‌ನಿಂದ ಹೆಚ್ಚು ಬಳುಕುವ ರೆಗ್ಯುಲರ್‌ಗೆ. ಸ್ಟಿಫ್ ಬಿಡಲು ಮರ್ಯಾದೆ ಅಡ್ಡ ಬರುತ್ತದೆ. ಆದರೆ ಬಲಗೈ ಆಟಗಾರನ ಚೆಂಡು ತಗ್ಗಾಗಿ ಬಲಕ್ಕೇ ಹೋಗತೊಡಗಿದರೆ ಶಾಫ್ಟಿನ ಮೇಲೆ ಅನುಮಾನ ಪಡಲೇಬೇಕು.

ಹೊಸ ಸೆಟ್ಟು ಕೊಳ್ಳುವಾಗ ಪಿಚಿಂಗ್ ವೆಜ್ (ವೆಜ್ ಎಂದರೆ ಹತ್ತಿರದ ಎತ್ತರದ ಹೊಡೆತಕ್ಕಿರುವ ಕ್ಲಬ್ಬು) ಎಷ್ಟು ಡಿಗ್ರಿ ಎಂದು ಕೇಳಿ. ಈಗಿನವುಗಳಲ್ಲಿ 43 ಡಿಗ್ರಿಯದೂ ಸಿಗುತ್ತದೆ. ಹಳೆಯ 50, 54, 58 ಡಿಗ್ರಿಯ ವೆಜ್‌ಗಳ ಜತೆ ಅದನ್ನು ಇಟ್ಟರೆ ಮಧ್ಯೆ 7 ಡಿಗ್ರಿ ಖಾಲಿ, ಅಂದರೆ ಹತ್ತಿರಹತ್ತಿರ 20 ಗಜಕ್ಕೆ ಕ್ಲಬ್ಬೇ ಇಲ್ಲ. 4 ಡಿಗ್ರಿಗೆ 10-12 ಗಜ ಎಂದಿಟ್ಟುಕೊಂಡು, ಒಟ್ಟು 14 ಕ್ಲಬ್ ಮೀರದಂತೆ ಹಂಚಿಕೊಳ್ಳಬೇಕು.

ಚಿಕ್ಕಮಗಳೂರಿನ ಎತ್ತರ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್. ಗಾಳಿ ತೆಳು, ಚೆಂಡು ಶೇಕಡಾ 3-4ರಷ್ಟು ಹೆಚ್ಚು ಹಾರುತ್ತದೆ. ಇಲ್ಲಿ ಬರೆದಿಟ್ಟ 150 ಗಜದ ಕ್ಲಬ್ಬು ಘಟ್ಟ ಇಳಿದರೆ 145. ಹಾಗಾಗಿ ನನ್ನ ಪುಸ್ತಕದಲ್ಲಿ ಪ್ರತಿ ಕ್ಲಬ್ಬಿಗೂ ಎರಡು ಅಂಕಿ.

ಮಲೆನಾಡಿನಲ್ಲಿ ನಿಜವಾದ ಶತ್ರು ಗ್ರಿಪ್ಪಿಗೆ ಹಿಡಿಯುವ ಬೂಷ್ಟು. ಆರಿದ್ರಾ ಮಳೆ ಹಿಡಿದ ಮೇಲೆ ಬ್ಯಾಗು ಮೂಲೆಯಲ್ಲಿಟ್ಟು ವಾರ ಮರೆತರೆ ರಬ್ಬರು ಜಾರುತ್ತದೆ, ಜಾರಿದ್ದನ್ನು ಬಿಗಿಯಾಗಿ ಹಿಡಿದು ಹಿಡಿದು ಮೊಣಕೈ ನೋಯುತ್ತದೆ. ಮೊಣಕೈ ನೋವಿಗೆ ಮೊದಲ ಔಷಧ ಹೊಸ ಗ್ರಿಪ್ಪು ಎಂಬುದು ನನ್ನ ಖಂಡಿತ ಅಭಿಪ್ರಾಯ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ನಾನೇ ಹಾಕಿಕೊಳ್ಳುತ್ತೇನೆ.

ಹಳೆಯದನ್ನು ಕೊಯ್ಯಲು ಕೊಕ್ಕೆ ಬ್ಲೇಡು ಬೇಕು. ನೇರ ಬ್ಲೇಡು ಗ್ರಾಫೈಟ್ ಶಾಫ್ಟಿಗೆ ತಾಗಿದರೆ ನಾರು ತುಂಡಾಗಿ ಮುಂದೊಂದು ದಿನ ಅಲ್ಲೇ ಮುರಿಯುತ್ತದೆ. ಹಳೆ ಟೇಪಿನ ಅಂಟನ್ನು ಪೂರ್ತಿ ಒರೆಸಿ, 2 ಇಂಚು ಅಗಲದ ಎರಡೂ ಬದಿ ಅಂಟುವ ಟೇಪನ್ನು ಉದ್ದಕ್ಕೆ ಸುತ್ತಿ, ತುದಿಯಲ್ಲಿ ಅರ್ಧ ಇಂಚು ಟೇಪು ಹೆಚ್ಚಿಗೆ ಬಿಟ್ಟು ಅದನ್ನು ಶಾಫ್ಟಿನ ಕೊಳವೆಯೊಳಕ್ಕೆ ಮಡಚಬೇಕು. ಗ್ರಿಪ್ಪಿನ ತುದಿ ತೂತಿಗೆ ಟೀ (ಚೆಂಡು ಇಡುವ ಚಿಕ್ಕ ಗೂಟ) ಚುಚ್ಚಿ, ಒಳಗೆ ಪೇಂಟ್ ಅಂಗಡಿಯ ಟರ್ಪಂಟೈನ್ ಹೊಯ್ದು ಕುಲುಕಿ, ಅದನ್ನೇ ಟೇಪಿನ ಮೇಲೆ ಸುರಿದು, ನಿಲ್ಲಿಸದೆ ಒಂದೇ ಸಲಕ್ಕೆ ತಳ್ಳಬೇಕು. ಅರ್ಧಕ್ಕೆ ನಿಂತರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಸೀಮೆಎಣ್ಣೆ ಬೇಡ. ಜಿಡ್ಡು ಉಳಿದು ಗ್ರಿಪ್ಪು ತಿರುಗುತ್ತದೆ. ಬೇಸಿಗೆಯಲ್ಲಿ ಒಂದು ರಾತ್ರಿ ಸಾಕು, ಮಳೆಯಲ್ಲಿ ಎರಡು ದಿನ ಬಿಡಿ.

ಬೆರಳ ಗಂಟು ನೋಯುವವರು ಗ್ರಿಪ್ಪಿನ ಒಳಗೆ ಮಾಮೂಲಿ ಟೇಪು ಇನ್ನೆರಡು ಸುತ್ತು ಹಾಕಬಹುದು. ಒಂದು ಸುತ್ತಿಗೆ ಇಂಚಿನ 64ನೇ ಒಂದು ಭಾಗದಷ್ಟು ದಪ್ಪ ಏರುತ್ತದೆ. ಅತಿಯಾದರೆ ಮಣಿಕಟ್ಟು ತಿರುಗದೆ ಚೆಂಡು ಬಲಕ್ಕೆ.

ಒದ್ದೆ ಕ್ಲಬ್ಬನ್ನು ಬಚ್ಚಲೊಲೆ ಹತ್ತಿರ ಒರಗಿಸುವವರಿದ್ದಾರೆ. ಬಿಸಿಗೆ ಕ್ಲಬ್ಬಿನ ತಲೆ ಹಿಡಿದಿರುವ ಎಪಾಕ್ಸಿ ಅಂಟು ಮೆತ್ತಗಾಗುತ್ತದೆ. ಆಮೇಲೆ ಹೊಡೆದಾಗ ಟಿಕ್ ಟಿಕ್ ಸದ್ದು, ಒಂದು ದಿನ ಚೆಂಡಿಗಿಂತ ಮುಂದೆ ಕ್ಲಬ್ಬಿನ ತಲೆಯೇ ಹಾರೀತು. ಬಟ್ಟೆಯಲ್ಲಿ ಒರೆಸಿ ಗಾಳಿಯಾಡುವ ಅಟ್ಟದಲ್ಲಿಟ್ಟರೆ ಸಾಕು.

ನಮ್ಮ ದೇಶದ ವೃತ್ತಿಪರ ಆಟಗಾರ ಮುಕೇಶ್ ಕುಮಾರ್ 2016ರಲ್ಲಿ, 51ರ ವಯಸ್ಸಿನಲ್ಲಿ, ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ಏಷ್ಯನ್ ಟೂರ್ ಪ್ರಶಸ್ತಿ ಗೆದ್ದರು. ಎರಡೂ ಕಡೆ ಪೊದೆ ಒತ್ತಿಕೊಂಡ ಆ ಕೋರ್ಸಿನಲ್ಲಿ ದೂರಕ್ಕಿಂತ ನೇರಕ್ಕೆ ಬೆಲೆ. ಪಟಿಂಗ್‌ನಲ್ಲಿ (ಗ್ರೀನ್ ಮೇಲೆ ಪಟರ್ ಎಂಬ ಕ್ಲಬ್ಬಿನಿಂದ ಚೆಂಡನ್ನು ತೂತಿಗೆ ಉರುಳಿಸುವಾಗ) ಕೈ ನಡುಗುವ ಕಾಟವನ್ನು ಜರ್ಮನಿಯ ಆಟಗಾರ ಬರ್ನಾರ್ಡ್ ಲ್ಯಾಂಗರ್ ಹಿಡಿತ ಬದಲಿಸಿ ಬದಲಿಸಿಯೇ ಗೆದ್ದದ್ದು. ಪಟರನ್ನು ಎದೆಗೆ ಒತ್ತಿ ಹೊಡೆಯುವುದು 2016ರಿಂದ ನಿಷೇಧವಾದ ಮೇಲೂ ಕೈಯನ್ನು ಎದೆಯಿಂದ ದೂರ ಹಿಡಿದು ಅದೇ ಉದ್ದ ಪಟರಿನಲ್ಲಿ ಆಡಿದರು. ನಾನು ಎಡಗೈ ಕೆಳಗೆ ತಂದೆ, ಅಷ್ಟೆ. ಬಲ ಮಣಿಕಟ್ಟು ಸುಮ್ಮನಾಗುತ್ತದೆ, ಮೂರು-ನಾಲ್ಕು ಅಡಿಯದು ತಪ್ಪುವುದು ಕಮ್ಮಿ. ಆದರೆ ದೂರದ ಪಟ್ ಮೊದಲ ಎರಡು ತಿಂಗಳು ಗಿಡ್ಡವಾಗುತ್ತವೆ.

ಮಳೆಗಾಲದ ಅಭ್ಯಾಸ ಜಗಲಿಯ ರೆಡ್ ಆಕ್ಸೈಡ್ ನೆಲದಲ್ಲಿ. ಪಟರ್ ತಲೆಗಿಂತ ಒಂದೊಂದು ಬೆರಳು ಅಗಲ ಬಿಟ್ಟು ಎರಡು ಅಡಿಕೆ ಇಟ್ಟು, ನಡುವೆ ಐವತ್ತು ಸಲ. ದಿಕ್ಕು ತಿದ್ದಲು ಮಾತ್ರ ಇದು. ವೇಗಕ್ಕೆ ಆ ನೆಲವನ್ನು ನಂಬಿದರೆ ನಿಜವಾದ ಗ್ರೀನ್‌ನಲ್ಲಿ ಚೆಂಡು ತೂತಿನ ತನಕವೂ ಹೋಗದು.